ವಯಸ್ಸಾದಂತೆ ಬಿಗಿಯುವ ಹಗ್ಗ

ವಯಸ್ಸಾದರೆ ದೇಹದ ಕಟ್ಟು ಸಡಿಲವಾಗುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಚರ್ಮ ಜೋತು ಬೀಳುವುದನ್ನು ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಆ ಕಟ್ಟಿನ ಮುಖ್ಯ ಹಗ್ಗವಾದ ಕೊಲಾಜೆನ್‌ನ ಕಥೆ ಬೇರೆ.

ಹೋದ ವರ್ಷ ಮೇ ತಿಂಗಳಲ್ಲಿ ಅಪ್ಪ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಿದ್ದೆ. ಸುಡು ಬಿಸಿಲು. ಕರ್ನಾಟಕ ಘಾಟ್‌ನ ಮೆಟ್ಟಿಲು ಇಳಿಯುತ್ತಾ ಅಪ್ಪ, "ಈ ಬಿಸಿಲಿಗೆ ಮಂಡಿಯೊಳಗಿರೋದೆಲ್ಲ ಕರಗಿಹೋಗುತ್ತೇನೋ" ಅಂದರು. ಕರಗುವುದಿಲ್ಲ. ಹೊರಗೆ ಬಿಸಿಲಿದ್ದರೂ ದೇಹ ಸಾಮಾನ್ಯವಾಗಿ ತನ್ನ ಒಳಗನ್ನು 37 ಡಿಗ್ರಿಯ ಆಸುಪಾಸಿನಲ್ಲೇ ಇಟ್ಟುಕೊಳ್ಳುತ್ತದೆ.

ಚರ್ಮ, ಮೂಳೆ, ಕೀಲು, ಸ್ನಾಯುರಜ್ಜು ಎಲ್ಲದರಲ್ಲೂ ಇರುವ ಪ್ರೋಟೀನು ಕೊಲಾಜೆನ್. ಮೂರು ಎಳೆ ಹೊಸೆದ ಹಗ್ಗದಂಥ ಇದರ ರಚನೆಯನ್ನು 1954ರಲ್ಲಿ ಮದರಾಸಿನಲ್ಲಿ ಮುಂದಿಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಒಂಟಿ ಕೊಲಾಜೆನ್ ಅಣು ನಮ್ಮ ಮೈಯ ಶಾಖದ ಹತ್ತಿರಹತ್ತಿರಕ್ಕೇ ಬಿಚ್ಚಿಕೊಳ್ಳಲು ಶುರುಮಾಡುತ್ತದೆ. ಅಂಥ ಸಾವಿರಾರು ಅಣುಗಳು ಒತ್ತಾಗಿ ಕೂಡಿ, ನಡುವೆ ಗಂಟು ಬಿದ್ದಾಗ ಮಾತ್ರ ಸುಮಾರು 60 ಡಿಗ್ರಿಯವರೆಗೂ ತಡೆಯುತ್ತದೆ. ಅದಕ್ಕಿಂತ ಮೇಲೆ ಸುರುಟಿಕೊಳ್ಳುತ್ತದೆ; ನೀರಲ್ಲಿ ಕುದಿಸುತ್ತಾ ಹೋದರೆ ಜೆಲಟಿನ್ ಆಗುತ್ತದೆ. ಕಾಲು ಸೂಪು ತಣ್ಣಗಾದಾಗ ಗಟ್ಟಿಯಾಗುವುದು ಇದರಿಂದಲೇ.

ವಯಸ್ಸಾದಂತೆ ಈ ಗಂಟುಗಳು ಹೆಚ್ಚುತ್ತವೆ. ಕೀಲಿನ ಮೃದ್ವಸ್ಥಿಯ ಕೊಲಾಜೆನ್ ಹೆಚ್ಚುಕಡಿಮೆ ಇಡೀ ಆಯಸ್ಸಿಗೆ ಬದಲಾಗುವುದೇ ಇಲ್ಲ. ಅಷ್ಟು ವರ್ಷ ರಕ್ತದ ಸಕ್ಕರೆಯ ಸಂಗದಲ್ಲಿದ್ದು ಅದು ಬೇಡದ ಗಂಟುಗಳನ್ನೂ ಹಾಕಿಕೊಳ್ಳುತ್ತದೆ. ಹೀಗಾಗಿ ಹಳೆಯ ಕೊಲಾಜೆನ್ ಶಾಖಕ್ಕೆ ಎಳೆಯದಕ್ಕಿಂತ ಹೆಚ್ಚು ಜಗ್ಗುವುದಿಲ್ಲ. ಅಡುಗೆಮನೆಯಲ್ಲಿ ಇದು ಗೊತ್ತಿರುವ ಸಂಗತಿಯೇ: ಬಲಿತ ಮೇಕೆಯ ಮಾಂಸಕ್ಕೆ ಕುಕ್ಕರ್ ನಾಲ್ಕು ಸಲ ಹೆಚ್ಚು ಕೂಗಬೇಕು.

ಆದರೆ ಶಾಖಕ್ಕೆ ಗಟ್ಟಿ ಎಂದರೆ ಬದುಕಿಗೆ ಗಟ್ಟಿ ಎಂದಲ್ಲ. ಗಂಟು ಹೆಚ್ಚಾದ ಹಗ್ಗ ಬಳುಕುವುದಿಲ್ಲ. ಪೆಟ್ಟು ಬಿದ್ದರೆ ಬೇಗ ಬಿರಿಯುತ್ತದೆ. ಮೂಳೆಗೆ ಆ ಬಳುಕು ಎಷ್ಟು ಮುಖ್ಯ ಎಂಬುದನ್ನು ಪಕ್ಕದ ಹರಿಶ್ಚಂದ್ರ ಘಾಟ್ ಹೇಳುತ್ತದೆ. ಚಿತೆಯಲ್ಲಿ ಮೂಳೆ ಮೊದಲು ಕಪ್ಪಾಗಿ, ಆಮೇಲೆ ಬಿಳಿಯಾಗುತ್ತದೆ. ಆಗ ಕೊಲಾಜೆನ್ ಪೂರ್ತಿ ಉರಿದುಹೋಗಿ ಖನಿಜವಷ್ಟೇ ಉಳಿದಿರುತ್ತದೆ. ಆಕಾರ ಇದ್ದರೂ ಮುಟ್ಟಿದರೆ ಮುರಿಯುತ್ತದೆ.

ಊರಲ್ಲಿರುವ ಅಪ್ಪ ಅಮ್ಮನಿಗೆ ನಮ್ಮಲ್ಲಿ ಅನೇಕರು ಕೊಲಾಜೆನ್ ಪುಡಿಯ ಡಬ್ಬಿ ಕಳಿಸುತ್ತೇವೆ. ಅದು ಹೊಟ್ಟೆಯಲ್ಲಿ ಜೀರ್ಣವಾಗಿ ಚೂರಾಗುತ್ತದೆಯೇ ಹೊರತು ಮಂಡಿಗೆ ಹೋಗಿ ಹಳೆಯ ಗಂಟು ಬಿಚ್ಚುವುದಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಈ ಗಂಟುಗಳು ಇನ್ನೂ ಬೇಗ ಬೀಳುತ್ತವೆ. ಮುಂದಿನ ಸಲ ಫೋನ್ ಮಾಡಿದಾಗ "ಮಂಡಿ ನೋವು ಹೇಗಿದೆ" ಎಂದು ಕೇಳಿದ ಮೇಲೆ, "ಶುಗರ್ ಎಷ್ಟಿದೆ" ಅಂತಲೂ ಕೇಳಿ.