ಹೊಳೆ ಹರಿದ ದಿಕ್ಕಿಗೆ ಸೈಕಲ್

ಕಿತ್ತೂರಿನಿಂದ ರಾಮದುರ್ಗದವರೆಗಿನ ಸೀಮೆಯನ್ನು ಕಾರಿನಲ್ಲಿ ನೋಡಿಬಂದವರು ಬಹಳ ಮಂದಿ. ಬೆಳಗ್ಗೆ ಕಿತ್ತೂರು ಕೋಟೆ, ಮಧ್ಯಾಹ್ನ ಸವದತ್ತಿ ಎಲ್ಲಮ್ಮ, ಇಳಿಹೊತ್ತಿಗೆ ನವಿಲುತೀರ್ಥದ ಅಣೆಕಟ್ಟು, ರಾತ್ರಿ ಊಟಕ್ಕೆ ಹುಬ್ಬಳ್ಳಿ. ನಡುವಿನ ಸಂಗೊಳ್ಳಿ, ಅಮಟೂರು, ಹೂಲಿ, ಮುನವಳ್ಳಿ, ಕಟಕೋಳ, ಗೊಡಚಿ, ತೊರಗಲ್ಲು ಬರೀ ನಾಮಫಲಕಗಳಾಗಿ ಹಿಂದೆ ಸರಿದುಬಿಡುತ್ತವೆ. ಈ ಸೀಮೆಯ ಚರಿತ್ರೆ ಇರುವುದೇ ಆ ನಡುವಿನ ಊರುಗಳಲ್ಲಿ. ಅವನ್ನು ನೋಡಲು ಸೈಕಲ್‌ನಷ್ಟು ಹದವಾದ ಗಾಡಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಕಾರಣ ಸರಳ. ಈ ಊರುಗಳು ಬೆಳೆದದ್ದು ಚಕ್ಕಡಿಯ ಕಾಲದಲ್ಲಿ. ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಹೊರಟ ಮಂದಿ ಎತ್ತುಗಳು ದಣಿದಲ್ಲಿ ನೊಗ ಇಳಿಸಿ, ನೀರು ಇದ್ದಲ್ಲಿ ರೊಟ್ಟಿಯ ಗಂಟು ಬಿಚ್ಚಿ, ಗುಡಿ ಇದ್ದಲ್ಲಿ ಮಲಗಿ ಮುಂದೆ ಹೋಗುತ್ತಿದ್ದರು. ಸಂತೆ, ಬಾವಿ, ಮಠ, ಕೋಟೆ ಎಲ್ಲವೂ ಆ ನಡಿಗೆಯ ಅಳತೆಗೆ ಹೊಂದಿಕೊಂಡು ಕೂತಿವೆ. ಎತ್ತು ಒಂದು ದಿನ ನಡೆಯುವ ದಾರಿ ಸೈಕಲ್ಲಿಗೆ ಒಂದು ಮುಂಜಾನೆಯ ದಾರಿ. ಅದಕ್ಕೇ ಇಲ್ಲಿ ಸೈಕಲ್ ಹತ್ತಿದವನಿಗೆ ಊರು ಬೇಗ ಬಂತು ಅನ್ನಿಸುವುದೂ ಇಲ್ಲ, ಇನ್ನೂ ಬರಲಿಲ್ಲ ಎಂಬ ಬೇಸರವೂ ಇಲ್ಲ.

ಸೈಕಲ್ ಇಲ್ಲಿಗೆ ಹೊಸದೂ ಅಲ್ಲ. ರಾಮದುರ್ಗ ತಾಲ್ಲೂಕಿನ ಕೆ. ಚಂದರಗಿಯ ವಸತಿ ಕ್ರೀಡಾಶಾಲೆಯ ಹೆಸರು ಸೈಕ್ಲಿಂಗ್ ಬಲ್ಲವರಿಗೆಲ್ಲ ಗೊತ್ತು. ವಿಜಯಪುರ, ಬಾಗಲಕೋಟೆ, ಗದಗದ ಸೈಕಲ್ ಪಟುಗಳ ಜೊತೆಗೆ ಚಂದರಗಿಯ ಮಕ್ಕಳೂ ರಾಜ್ಯದ ಸ್ಪರ್ಧೆಗಳಲ್ಲಿ ಇರುತ್ತಾರೆ. ಹೊಲದಲ್ಲಿ ದುಡಿಯುವ ಮನೆಗಳಿಂದ ಬಂದು, ತೆಳ್ಳನೆಯ ಟೈರಿನ ಸೈಕಲ್ ಮೇಲೆ ಬೆನ್ನು ಬಾಗಿಸಿ ತುಳಿಯುವುದನ್ನು ಕಲಿತ ಮಕ್ಕಳು ಇವರು. ಇದಲ್ಲದೆ 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಬಸ್ಸಿನ ದಾರಿ ಕಾಯದೆ ಪಕ್ಕದೂರಿನ ಹೈಸ್ಕೂಲಿಗೆ ಹೋದರು. ಕೋವಿಡ್ ಬಂದಾಗ ಆ ಯೋಜನೆ ನಿಂತದ್ದು ನನಗೆ ಇಂದಿಗೂ ಸಂಕಟದ ಸಂಗತಿ.

ದಾರಿ ಹಿಡಿಯುವುದಾದರೆ ಹೊಳೆ ಹರಿಯುವ ದಿಕ್ಕಿಗೇ ಹಿಡಿಯಬೇಕು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸುಮಾರು 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಕಿತ್ತೂರಿನಿಂದ ರಾಮದುರ್ಗಕ್ಕೆ ಹೊರಟರೆ ಒಟ್ಟಿನಲ್ಲಿ ಇಳಿಜಾರು. ಕಿತ್ತೂರಿನ ಸುತ್ತ ಮಲೆನಾಡಿನ ಸೆರಗಿನ ಹಸಿರು, ಭತ್ತದ ಗದ್ದೆ. ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ಎರಿಹೊಲ, ಹತ್ತಿ, ಕಡಲೆ. ಸವದತ್ತಿ ದಾಟಿದ ಮೇಲೆ ಬಿಳಿಜೋಳ, ಕುಸುಬಿ, ಹೊಳೆಯ ಮಗ್ಗುಲಿಗೆ ಕಬ್ಬು. ಮಳೆ ಕಡಿಮೆಯಾಗುತ್ತ ಹೋಗುವುದನ್ನು ಬೆಳೆಯಲ್ಲೇ ಓದಿಕೊಳ್ಳಬಹುದು.

ಕಿತ್ತೂರಿನ ಕಥೆಯನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಆದರೆ ಆ ಕಥೆ ಒಂದೇ ಕೋಟೆಯದಲ್ಲ, ದಾರಿಯುದ್ದಕ್ಕೂ ಹರಡಿದೆ. ಥ್ಯಾಕರೆಗೆ ಗುಂಡು ಹಾರಿಸಿದ ಬಾಳಪ್ಪನ ಊರು ಅಮಟೂರು. ಮುಂದೆ ಬಂಡಾಯವೆದ್ದ ರಾಯಣ್ಣನ ಸಂಗೊಳ್ಳಿ ಮಲಪ್ರಭೆಯ ದಂಡೆಯಲ್ಲಿದೆ. ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ಕಣ್ಣು ಮುಚ್ಚಿದ್ದು ಬೈಲಹೊಂಗಲದಲ್ಲಿ; ಅವಳ ಸಮಾಧಿಯೂ ಅಲ್ಲೇ. ಈ ಊರುಗಳ ನಡುವಿನ ದಾರಿಯನ್ನು ತುಳಿದಾಗ, ಸೋತ ಸಂಸ್ಥಾನವೊಂದು ಮತ್ತೆ ಹೇಗೆ ತಲೆಯೆತ್ತಿತು ಎಂಬುದು ತೊಡೆಯ ನೋವಿನೊಂದಿಗೆ ತಿಳಿಯುತ್ತದೆ. ಕುದುರೆಯೂ ಇಲ್ಲದ ಮಂದಿ ರಾತ್ರೋರಾತ್ರಿ ಹಳ್ಳಿಯಿಂದ ಹಳ್ಳಿಗೆ ಸುದ್ದಿ ಒಯ್ದರು, ಊರೂರೇ ರಾಯಣ್ಣನ ಬೆನ್ನಿಗೆ ನಿಂತಿತು. ಸೆರೆ ಸಿಕ್ಕು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ; ಸೆರೆ ಸಿಕ್ಕುವವರೆಗೂ ಅವನನ್ನು ಕಾಯ್ದದ್ದು ಈ ನೆಲದ ಪರಿಚಯವೇ.

ಸವದತ್ತಿ ರಟ್ಟರ ರಾಜಧಾನಿ, ಶಾಸನಗಳ ಸುಗಂಧವರ್ತಿ. ಊರಿನ ಕೋಟೆ, ಗುಡ್ಡದ ಮೇಲಿನ ಪರಸಗಡ, ಅಂಕೇಶ್ವರ ಗುಡಿ ಇವಕ್ಕೆ ಒಂದು ದಿನ ಎತ್ತಿಡಬೇಕು. ಹೂಲಿಗೆ ಇನ್ನೊಂದು ಅರ್ಧ ದಿನ ಬೇಕೇ ಬೇಕು. ಪಂಚಲಿಂಗೇಶ್ವರ ಗುಡಿಯ ಕಂಬಗಳ ನಡುವೆ ಕೂತರೆ ಹೊರಗಿನ ಬಿಸಿಲು ಮರೆತುಹೋಗುತ್ತದೆ. ಚಾಲುಕ್ಯರ ಕಾಲದಲ್ಲಿ ದೊಡ್ಡ ಅಗ್ರಹಾರವಾಗಿದ್ದ ಊರು ಇಂದು ಗುಡ್ಡದ ಬುಡದಲ್ಲಿ ಯಾರ ಗಮನಕ್ಕೂ ಬೀಳದೆ ಇದೆ. ಊರ ಸುತ್ತ ಪಾಳುಬಿದ್ದ ಗುಡಿಗಳು ಒಂದೆರಡಲ್ಲ.

ನವಿಲುತೀರ್ಥದಲ್ಲಿ ಮಾತ್ರ ಸೈಕಲ್ ನಿಲ್ಲಿಸಿ ಕಲ್ಲನ್ನು ನೋಡಬೇಕು. ಭೂಗರ್ಭಶಾಸ್ತ್ರಜ್ಞರು ಕಲಾದಗಿ ಶ್ರೇಣಿ ಎನ್ನುವ ಬಹು ಪುರಾತನ ಪದರುಗಳ ಅಂಚು ಇಲ್ಲಿದೆ. ಅದರೊಳಗಿನ ಗಟ್ಟಿ ಕ್ವಾರ್ಟ್ಜೈಟಿಗೆ ಅವರು ಸವದತ್ತಿಯ ಹೆಸರನ್ನೇ ಇಟ್ಟಿದ್ದಾರೆ. ಅಂಥ ಗುಡ್ಡದ ಸಾಲನ್ನು ಹೊಳೆ ಸುತ್ತಿ ಹೋಗಲಿಲ್ಲ, ಕೊರೆದು ದಾಟಿತು. ಆ ಇಕ್ಕಟ್ಟಾದ ಸಂದಿಗೇ ಅಣೆಕಟ್ಟು ಕಟ್ಟಿದರು. ಉದ್ದ ಸುಮಾರು 154 ಮೀಟರ್ ಮಾತ್ರ; ಹಿಂದೆ ನಿಲ್ಲುವ ರೇಣುಕಾಸಾಗರದ ನೀರು ಸುಮಾರು 37 ಟಿಎಂಸಿ ಅಡಿ. ಇಷ್ಟು ಚಿಕ್ಕ ಗೋಡೆ ಇಷ್ಟೊಂದು ನೀರನ್ನು ಹಿಡಿದದ್ದು ಹೊಳೆ ಮೊದಲೇ ಜಾಗ ಕೊರೆದಿಟ್ಟದ್ದರಿಂದ. ಇದೇ ನೀರಿನ ಕಾಲುವೆಯ ಕರಭಾರದ ವಿರುದ್ಧ 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಸಿಡಿದೆದ್ದದ್ದು, ರಾಜ್ಯದ ರೈತ ಚಳವಳಿಗೆ ಅದು ಕಿಡಿಯಾದದ್ದು. ಕಟ್ಟೆಯ ಮೇಲೆ ಸೆಲ್ಫಿ ತೆಗೆದುಕೊಳ್ಳುವ ಮಕ್ಕಳಿಗೆ ಇದನ್ನೂ ಯಾರಾದರೂ ಹೇಳಬೇಕು.

ಮುನವಳ್ಳಿ ದಾಟಿದ ಮೇಲೆ ಹೊಳೆ ಪೂರ್ವಕ್ಕೆ ಹೊರಳುತ್ತದೆ. ಅಲ್ಲಿಂದ ಮುಂದಿನ ಕಟಕೋಳದ ಸೀಮೆ ಪ್ರವಾಸದ ನಕ್ಷೆಗಳಲ್ಲಿ ಇಲ್ಲವೇ ಇಲ್ಲ. ನನಗೆ ಅತಿ ಪ್ರಿಯವಾದದ್ದು ಇದೇ. ಸ್ವಾತಂತ್ರ್ಯಕ್ಕೆ ಮುಂಚೆ ಸವದತ್ತಿ, ಬೈಲಹೊಂಗಲ ಬ್ರಿಟಿಷರ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಕಟಕೋಳ ಕೊಲ್ಲಾಪುರ ಸಂಸ್ಥಾನದ ತುಣುಕು. ತೊರಗಲ್ಲು ಕೊಲ್ಲಾಪುರಕ್ಕೆ ನಡೆದುಕೊಳ್ಳುತ್ತಿದ್ದ ಶಿಂಧೆಯವರ ಜಹಗೀರು. ರಾಮದುರ್ಗ ಭಾವೆಯವರ ಪ್ರತ್ಯೇಕ ಸಂಸ್ಥಾನ. ಹೊಲ ಒಂದೇ, ಮಾತು ಒಂದೇ, ಬೀಗತನವೂ ಆಚೀಚೆಗೆ. ಆದರೆ ಕಂದಾಯ ಕಟ್ಟುವ ಕಚೇರಿ, ತಪ್ಪಿಗೆ ಶಿಕ್ಷೆ ಕೊಡುವ ದೊರೆ ಬೇರೆ ಬೇರೆ. ಅರ್ಧ ದಿನ ಸೈಕಲ್ ತುಳಿದರೆ ಅಷ್ಟೂ ಗಡಿಗಳನ್ನು ದಾಟಿರುತ್ತೀರಿ, ಒಂದು ಗಡಿಗಲ್ಲೂ ಕಣ್ಣಿಗೆ ಬೀಳುವುದಿಲ್ಲ.

ಈ ಒಳದಾರಿಯಲ್ಲಿ ಸೈಕಲ್ ಮೇಲೆ ಹೊರಟವರನ್ನು ಮಂದಿ ಸುಮ್ಮನೆ ಬಿಡುವುದಿಲ್ಲ. ‘ಎಲ್ಲಿಂದ ಬಂದ್ರಿ? ಬರೇ ಸೈಕಲ್ ಮ್ಯಾಲ ಬಂದ್ರ್ಯಾ? ಬರ್ರಿ, ಚಾ ಕುಡದ ಹೋಗ್ರಿ’ ಎಂದು ಕರೆಯುತ್ತಾರೆ. ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿದ ಅವ್ವ ಒಬ್ಬರು ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಎಣ್ಣೆ ಹಾಕಿ ಕೈಗಿಟ್ಟು, ‘ಹಸಿವಿ ಆಗಿರ್ತೈತಿ, ತಿನ್ನಪಾ’ ಅಂದರು. ಕಾರಿನ ಗಾಜು ಇಳಿಸಿದವರಿಗೆ ಆ ‘ತಿನ್ನಪಾ’ ಸಿಗುವುದಿಲ್ಲ.

ಗೊಡಚಿ ವೀರಭದ್ರನ ಊರು. ಡಿಸೆಂಬರಿನ ಹೊಸ್ತಿಲ ಹುಣ್ಣಿಮೆಗೆ ಅಲ್ಲಿ ಜಾತ್ರೆ. ತೊರಗಲ್ಲು ಶಾಸನಗಳಲ್ಲಿ ‘ತೊರಗಲೆ ಆರುಸಾವಿರ’ ಎಂಬ ನಾಡಿನ ತಲೆಯೂರು. ಕೋಟೆಯ ಒಳಗೆ ಈಗಲೂ ಮಂದಿ ಬಾಳುತ್ತಿದ್ದಾರೆ, ಭೂತನಾಥನ ಗುಡಿಯಲ್ಲಿ ಹನ್ನೆರಡನೆಯ ಶತಮಾನದ ಶಾಸನವಿದೆ. ರಾಮದುರ್ಗದಲ್ಲಿ ನೇಕಾರರ ಓಣಿ, ಸಂಸ್ಥಾನದ ವಿರುದ್ಧ 1939ರ ಏಪ್ರಿಲ್ 7ರಂದು ನಡೆದ ಜನಬಂಡಾಯದ ನೆನಪು. ಪಕ್ಕದ ಸುರೇಬಾನದ ಶಬರಿಕೊಳ್ಳವನ್ನು ಬಿಟ್ಟು ಬರಬಾರದು. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಈ ದಂಡೆಯ ಮನೆಗಳನ್ನು ಕೆಡವಿತು. ನೀರು ಎಷ್ಟೆತ್ತರ ಬಂದಿತ್ತೆಂದು ಮಂದಿ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಯುರೋಪಿನಲ್ಲಿ ಡ್ಯಾನ್ಯೂಬ್ ನದಿಯ ದಂಡೆಗುಂಟ ಪಸಾವ್‌ನಿಂದ ವಿಯೆನ್ನಾಕ್ಕೆ ಹೋಗುವ ಸೈಕಲ್ ದಾರಿ ಜಗತ್ತಿಗೇ ಹೆಸರಾದದ್ದು. ಅದರ ಬಹಳಷ್ಟು ಭಾಗ, ದೋಣಿಗಳನ್ನು ಕುದುರೆಗಳು ಎಳೆಯುತ್ತಿದ್ದ ಹಳೆಯ ದಂಡೆಹಾದಿ. ಇದ್ದ ಹಾದಿಯನ್ನೇ ಸರಿಮಾಡಿ, ಫಲಕ ನೆಟ್ಟು, ಊರವರ ಮನೆಗಳಲ್ಲಿ ಮಲಗುವ ಕೋಣೆ ತೆರೆಸಿದರು. ನಮ್ಮಲ್ಲೂ ಅಂಥ ಹಾದಿ ಇದೆ: ಮಲಪ್ರಭೆಯ ಎಡದಂಡೆ ಕಾಲುವೆಯ ಏರಿ. ಕಾಲುವೆಯಲ್ಲಿ ನೀರು ತಾನಾಗಿ ಹರಿಯಬೇಕಾದ್ದರಿಂದ ಅದರ ಮಗ್ಗುಲಿನ ದಾರಿಗೆ ಏರು ಇಳಿವು ಬಹಳ ಕಡಿಮೆ. ಲಾರಿಯಿಲ್ಲ, ಬಸ್ಸಿಲ್ಲ. ಅಲ್ಲಲ್ಲಿ ಮೊರಂ ಹಾಕಿ, ಬೇವು ಹೊಂಗೆ ನೆಟ್ಟು, ಗುಡಿಗಳ ಯಾತ್ರಿ ನಿವಾಸಗಳಲ್ಲಿ ಸೈಕಲ್ ಇಡಲು ಒಂದು ಮೂಲೆ ಕೊಟ್ಟರೆ ಸಾಕು. ದಾರಿ ತೋರಿಸಲು ಚಂದರಗಿಯಲ್ಲಿ ಕಲಿತು ಹೊರಬಿದ್ದ ಹುಡುಗ ಹುಡುಗಿಯರಿಗಿಂತ ಬಲ್ಲವರು ಯಾರಿದ್ದಾರೆ? ನೀರಾವರಿ ಮತ್ತು ಪ್ರವಾಸೋದ್ಯಮ ಇಲಾಖೆಗಳು ಒಂದು ಸಲ ಕೂಡಿ ಕೂತು ಮಾತಾಡಲಿ ಎಂಬುದು ನನ್ನ ಕಳಕಳಿ.

ಅಲ್ಲಿಯವರೆಗೆ ಹೋಗುವವರು ಕಾಲ ನೋಡಿಕೊಂಡು ಹೋಗಬೇಕು. ಮಳೆಗಾಲದಲ್ಲಿ ಎರಿಮಣ್ಣು ಟೈರು ಮತ್ತು ಮಡ್‌ಗಾರ್ಡ್ ನಡುವೆ ಮೆತ್ತಿಕೊಂಡು ಗಾಲಿಯನ್ನೇ ತಿರುಗಗೊಡುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ದಾರಿ ತುಂಬ ಇರುತ್ತವೆ, ಕತ್ತಲಾದ ಮೇಲೆ ಸೈಕಲ್ ಹತ್ತಲೇಬಾರದು. ಇವೆರಡರ ನಡುವಿನ ಸಂದು ಅಕ್ಟೋಬರ್ ಕೊನೆ. ಕಿತ್ತೂರು ಉತ್ಸವ 23ರಿಂದ 25ರವರೆಗೆ ನಡೆಯುತ್ತದೆ. 26ರ ನಸುಕಿನಲ್ಲಿ ಕೋಟೆಯ ಮುಂದಿನಿಂದ ಹೊರಟು ಬೈಲಹೊಂಗಲದಲ್ಲಿ ಒಂದು, ಸವದತ್ತಿಯಲ್ಲಿ ಎರಡು, ಕಟಕೋಳದಲ್ಲಿ ಒಂದು ರಾತ್ರಿ ತಂಗಿದರೆ ಐದನೆಯ ದಿನ ರಾಮದುರ್ಗ. ಎರಡು ಟ್ಯೂಬು, ಒಂದು ಪಂಪು, ನೀರಿನ ಬಾಟಲಿ ಇರಲಿ. ಊಟದ ಚಿಂತೆ ಬೇಡ.