ಲಿಥಿಯಂ ಬ್ಯಾಟರಿಯ ವಿದ್ಯುದ್ವಾರಗಳ ಸಂರಕ್ಷಣೆ

ಬೆನ್ನಿಗೆ ಕಟ್ಟಿಕೊಳ್ಳುವ ಔಷಧಿ ಪಂಪುಗಳಲ್ಲಿ ಸೀಸದ ಬ್ಯಾಟರಿಗೆ ಬದಲಾಗಿ ಲಿಥಿಯಂ-ಅಯಾನ್ ಬ್ಯಾಟರಿಯುಳ್ಳವೂ ಈಚೆಗೆ ಬಳಕೆಗೆ ಬಂದಿರುವುದು ಜಮೀನುದಾರರಿಗೆ ತಿಳಿದೇ ಇದೆ. ಸೀಸದ ಬ್ಯಾಟರಿಯನ್ನು ಸದಾ ತುಂಬಿಸಿಯೇ ಇಡತಕ್ಕದ್ದು. ಬರಿದಾಗಿ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು ಅದು ಕೆಡುವುದು. ಆದರೆ ಇದೇ ಪದ್ಧತಿಯು ಲಿಥಿಯಂ ಬ್ಯಾಟರಿಗೆ ಸಲ್ಲದು.

ನಾನು ಸಂಚಾರದಲ್ಲಿ ಕಂಡ ಒಬ್ಬ ರೈತರು ಎರಡು ಬೇಸಗೆಗಳಲ್ಲಿಯೂ ತಮ್ಮ ಪಂಪನ್ನು ಪೂರ್ತಿ ತುಂಬಿಸಿ, ತಗಡಿನ ಮಾಡಿನ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಮುಸುಕಿನ ಜೋಳಕ್ಕೆ ಸೈನಿಕ ಹುಳು ಬಿದ್ದ ದಿನ, ಅರ್ಧ ಹೊಲ ಮುಗಿಯುವುದರೊಳಗೆ ಪಂಪು ನಿಂತುಹೋಯಿತು. ಹುಳುವು ಹೊಸ ಬ್ಯಾಟರಿ ಬರುವವರೆಗೆ ಕಾದಿರುವುದೇ?

ಇದರ ಕಾರಣವನ್ನು ವಿಚಾರಿಸೋಣ. ಈ ಬ್ಯಾಟರಿಯೊಳಗೆ ಎರಡು ವಿದ್ಯುದ್ವಾರಗಳಿವೆ. ಋಣ ವಿದ್ಯುದ್ವಾರವು ತಾಮ್ರದ ತೆಳು ಹಾಳೆಗೆ ಬಳಿದ ಗ್ರಾಫೈಟು. ಧನ ವಿದ್ಯುದ್ವಾರವು ಅಲ್ಯೂಮಿನಿಯಂ ಹಾಳೆಗೆ ಬಳಿದ ಲಿಥಿಯಂ ಸಂಯುಕ್ತ. ತುಂಬಿಸುವಾಗ ಲಿಥಿಯಂ ಕಣಗಳು ಗ್ರಾಫೈಟಿನ ಪದರಗಳೊಳಗೆ ಸೇರುವುವು. ಕೆಲಸ ಮಾಡುವಾಗ ಹಿಂದಿರುಗುವುವು. ಮೊದಲ ಸಲ ತುಂಬಿಸಿದಾಗಲೇ ಗ್ರಾಫೈಟಿನ ಮೇಲೆ ಒಂದು ತೆಳುವಾದ ಪೊರೆ ಕಟ್ಟುತ್ತದೆ. ಇದು ರಕ್ಷಕವೇ ಸರಿ. ಆದರೆ ಶಾಖವೂ ಪೂರ್ಣ ಭರ್ತಿಯೂ ಕೂಡಿದರೆ ಪೊರೆಯು ದಪ್ಪನಾಗುತ್ತ, ಲಿಥಿಯಮನ್ನು ನುಂಗಿಬಿಡುವುದು. ಹಾಗೆ ಸಿಕ್ಕಿಬಿದ್ದ ಲಿಥಿಯಂ ಮತ್ತೆ ಕೆಲಸಕ್ಕೆ ಬಾರದು. ತೀರ ಬರಿದಾದರೂ ಕೇಡೇ. ಆಗ ತಾಮ್ರದ ಹಾಳೆಯೇ ಕರಗಲಾರಂಭಿಸುವುದುಂಟು.

1991ರಲ್ಲಿ ಈ ಬ್ಯಾಟರಿಯು ಮಾರಾಟಕ್ಕೆ ಬಂದಂದಿನಿಂದ ವಿದ್ವಾಂಸರು ಇದರ ಆಯುಸ್ಸನ್ನು ಹೆಚ್ಚಿಸಲು ಶ್ರಮಿಸುತ್ತಿದ್ದಾರೆ. ಪೊರೆಯನ್ನು ದೃಢಪಡಿಸಲು ಒಳಗಿನ ದ್ರವಕ್ಕೆ ವಿನೈಲೀನ್ ಕಾರ್ಬೊನೇಟನ್ನು ಬೆರೆಸುವರು. ಧನ ವಿದ್ಯುದ್ವಾರದ ಕಣಗಳಿಗೆ ಅಲ್ಯೂಮಿನಾ ಲೇಪ ಕೊಡುವರು. 1997ರಲ್ಲಿ ಗುಡೆನಫ್ ಮಹಾಶಯರೂ ಸಂಗಡಿಗರೂ ಪ್ರಕಟಿಸಿದ ಲಿಥಿಯಂ ಕಬ್ಬಿಣ ಫಾಸ್ಫೇಟು ವಿಶೇಷವಾಗಿ ಬಾಳಿಕೆ ಬರತಕ್ಕದ್ದು. ಕೊಳ್ಳುವಾಗ ಇದನ್ನು ವಿಚಾರಿಸಿ ಕೊಳ್ಳುವುದು ಲೇಸು.

ಉಳಿದ ರಕ್ಷಣೆಯು ನಮ್ಮ ಕೈಯಲ್ಲಿಯೇ ಇದೆ:

1. ಕೆಲಸವಿಲ್ಲದ ತಿಂಗಳುಗಳಲ್ಲಿ ಸುಮಾರು ಅರ್ಧ ಭರ್ತಿಯಲ್ಲಿ, ತಂಪಾದ ಒಣ ಸ್ಥಳದಲ್ಲಿ ಇಡತಕ್ಕದ್ದು. ಆಗಾಗ್ಗೆ ನೋಡಿ, ಇಳಿದಿದ್ದರೆ ಅರ್ಧಕ್ಕೆ ಏರಿಸತಕ್ಕದ್ದು.
2. ಪೂರ್ಣ ಭರ್ತಿಯನ್ನು ಔಷಧಿ ಹೊಡೆಯುವ ಹಿಂದಿನ ದಿನ ಮಾಡಿದರೆ ಸಾಕು.
3. ಬಿಸಿಲಿನಿಂದ ತಂದೊಡನೆ ತುಂಬಿಸದೆ, ಆರಿದ ಮೇಲೆ ತುಂಬಿಸತಕ್ಕದ್ದು.
4. ಪಂಪು ತಾನಾಗಿ ನಿಲ್ಲುವವರೆಗೂ ನಡೆಸಕೂಡದು.
5. ಅದರೊಡನೆ ಬಂದ ಚಾರ್ಜರನ್ನಲ್ಲದೆ ಸೀಸದ ಬ್ಯಾಟರಿಯ ಚಾರ್ಜರನ್ನು ಜೋಡಿಸಲೇಕೂಡದು, ಬೆಂಕಿಯ ಭಯವುಂಟು.

ಗ್ರಾಮದ ಮುಖಂಡರು ಈ ನಿಯಮಗಳನ್ನು ರೈತರಿಗೆ ಓದಿಹೇಳಿ, ಬೇಸಗೆಗೆ ಮೊದಲೇ ಆಚರಣೆಗೆ ತರಿಸಬೇಕೆಂದು ವಿಜ್ಞಾಪನೆ.