ಸೊಂಟದ ಕೀಲಿನ ನೋವು

ಸೊಂಟದ ಕೀಲಿನ ನೋವು ಎಂದರೆ ತೊಡೆಮೂಳೆಯ ದುಂಡು ತಲೆಯು ಶ್ರೋಣಿಯ ಬಟ್ಟಲಿನಂಥ ಕುಳಿಯೊಂದಿಗೆ ಸೇರುವ ಕೀಲಿನಲ್ಲಿ ಅಥವಾ ಅದರ ಸುತ್ತಲಿನ ಸ್ನಾಯು, ಸ್ನಾಯುರಜ್ಜುಗಳಲ್ಲಿ ಉಂಟಾಗುವ ನೋವು. ಕನ್ನಡದಲ್ಲಿ ‘ಸೊಂಟನೋವು’ ಎಂಬ ಪದವು ರೂಢಿಯಲ್ಲಿ ಬೆನ್ನಿನ ಕೆಳಭಾಗದ ನೋವನ್ನು ಸೂಚಿಸುತ್ತದೆ. ಅದು ಹೆಚ್ಚಾಗಿ ಬೆನ್ನೆಲುಬಿಗೆ ಸಂಬಂಧಿಸಿದುದು. ಕೀಲಿನೊಳಗಿನ ನೋವಾದರೋ ಬಹುತೇಕ ಮುಂಭಾಗದಲ್ಲಿ, ತೊಡೆಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಅದು ಮೊಣಕಾಲಿನಲ್ಲಿ ಮಾತ್ರ ಅನುಭವಕ್ಕೆ ಬರುವುದುಂಟು, ಏಕೆಂದರೆ ಎರಡೂ ಕೀಲುಗಳಿಗೆ ಅವೇ ನರಗಳ ಶಾಖೆಗಳು ಹೋಗುತ್ತವೆ. ಮೊಣಕಾಲಿನಲ್ಲಿ ದೋಷ ಕಾಣದಿದ್ದರೂ ನೋವು ಮುಂದುವರಿದರೆ ಸೊಂಟದ ಕೀಲನ್ನು ಪರೀಕ್ಷಿಸುವುದು ಅಗತ್ಯ.

ಕಾರಣಗಳು

ವಯಸ್ಸಾದವರಲ್ಲಿ ಮೃದ್ವಸ್ಥಿ ಸವೆಯುವ ಅಸ್ಥಿಸಂಧಿವಾತವು ಮುಖ್ಯ ಕಾರಣ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಗೊಳ್ಳುತ್ತದೆ. ಚಕ್ಕಳಮಕ್ಕಳ ಹಾಕಿ ಕೂರುವುದು, ಕಾಲಿನ ಉಗುರು ಕತ್ತರಿಸುವುದು ಕ್ರಮೇಣ ಕಷ್ಟವಾಗುತ್ತದೆ.

30ರಿಂದ 50 ವರ್ಷದವರಲ್ಲಿ ಮರೆಯಬಾರದ ಕಾರಣವೆಂದರೆ ತೊಡೆಮೂಳೆಯ ತಲೆಗೆ ರಕ್ತಪೂರೈಕೆ ನಿಂತು ಮೂಳೆ ಸಾಯುವುದು. ದೀರ್ಘಕಾಲ ಅಥವಾ ಅಧಿಕ ಪ್ರಮಾಣದಲ್ಲಿ ಸ್ಟೀರಾಯ್ಡ್ ಸೇವನೆ, ಅತಿಯಾದ ಮದ್ಯಪಾನ, ಕುಡಗೋಲು ಕಣ ರೋಗ, ಕೀಲು ತಪ್ಪುವಿಕೆ ಇವು ಇದಕ್ಕೆ ದಾರಿ ಮಾಡುತ್ತವೆ. ಗಾಯದಿಂದಲ್ಲದೆ ಉಂಟಾದಾಗ ಇದು ಅನೇಕ ವೇಳೆ ಎರಡೂ ಬದಿಗಳಲ್ಲಿರುತ್ತದೆ. ಆರಂಭದಲ್ಲಿ ಎಕ್ಸ್-ರೇ ಸಂಪೂರ್ಣ ಸಹಜವಾಗಿ ತೋರಬಹುದು. ಮೂಳೆಯ ತಲೆ ಕುಸಿಯುವ ಮೊದಲೇ ಎಂ.ಆರ್.ಐ. ಮೂಲಕ ಪತ್ತೆಯಾದರೆ ಸ್ವಂತ ಕೀಲನ್ನು ಉಳಿಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಅವಕಾಶವಿರುತ್ತದೆ. ಕುಸಿದ ಮೇಲೆ ಬಹುಮಟ್ಟಿಗೆ ಕೃತಕ ಕೀಲಿನ ಜೋಡಣೆಯೇ ಉಳಿಯುವ ಮಾರ್ಗ.

ಕ್ಷಯರೋಗವು ಮೂಳೆಗಳಿಗೆ ತಗುಲಿದಾಗ ಬೆನ್ನೆಲುಬಿನ ನಂತರ ಹೆಚ್ಚಾಗಿ ಸೊಂಟದ ಕೀಲನ್ನೇ ಬಾಧಿಸುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಗುರುತಿಸಲಾದ ಹಂದಿಗೋಡು ಕಾಯಿಲೆಯೂ ಸೊಂಟದ ಕೀಲುಗಳನ್ನು ಹಾಳುಗೆಡಹುವ ಆನುವಂಶಿಕ ರೋಗ.

ತೊಡೆಯ ಹೊರಬದಿಯಲ್ಲಿ ನೋವಿದ್ದು, ಆ ಮಗ್ಗುಲಿಗೆ ಮಲಗಿದಾಗ ಹೆಚ್ಚಾದರೆ ಅದು ಸಾಮಾನ್ಯವಾಗಿ ಪೃಷ್ಠದ ಸ್ನಾಯುರಜ್ಜುಗಳ ತೊಂದರೆ. ನಡುವಯಸ್ಸಿನ ಸ್ತ್ರೀಯರಲ್ಲಿ ಇದು ಹೆಚ್ಚು. ಹಿಂಬದಿಯ ನೋವು ಬೆನ್ನೆಲುಬು ಅಥವಾ ತ್ರಿಕಾಸ್ಥಿಯ ಕೀಲಿನಿಂದ ಬರುವುದೇ ಅಧಿಕ.

ರೋಗನಿರ್ಣಯ

ವೈದ್ಯರು ರೋಗಿಯ ನಡಿಗೆಯನ್ನು ಗಮನಿಸಿ, ತೊಡೆಯನ್ನು ಒಳಮುಖವಾಗಿ ತಿರುಗಿಸಿ ನೋಡುತ್ತಾರೆ; ಕೀಲಿನ ರೋಗಗಳಲ್ಲಿ ಈ ಚಲನೆ ಬೇಗನೆ ಕುಗ್ಗುತ್ತದೆ. ಒಂಟಿಕಾಲಿನಲ್ಲಿ ನಿಂತಾಗ ಎತ್ತಿದ ಕಾಲಿನ ಕಡೆಯ ಶ್ರೋಣಿ ಕೆಳಕ್ಕೆ ಜಗ್ಗಿದರೆ, ನಿಂತ ಕಾಲಿನ ಕಡೆಯ ಪೃಷ್ಠದ ಸ್ನಾಯುಗಳು ದುರ್ಬಲವಾಗಿರಬಹುದು. ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ಈ ಚಿಹ್ನೆಯನ್ನು ವಿವರಿಸಿದರು.

ಮೊದಲ ಚಿತ್ರಣವಾಗಿ ಎಕ್ಸ್-ರೇ ತೆಗೆಯಲಾಗುತ್ತದೆ. ವೃದ್ಧರು ಬಿದ್ದ ನಂತರ ಕಾಲೂರಲಾಗದಿದ್ದರೆ, ಎಕ್ಸ್-ರೇಯಲ್ಲಿ ಬಿರುಕು ಕಾಣದಿದ್ದರೂ ಮೂಳೆ ಮುರಿದಿಲ್ಲವೆಂದು ನಿರ್ಧರಿಸುವಂತಿಲ್ಲ, ಎಂ.ಆರ್.ಐ. ಅಥವಾ ಸಿ.ಟಿ. ಬೇಕಾಗುತ್ತದೆ. ಜ್ವರದೊಂದಿಗೆ ಕೀಲನ್ನು ಅಲುಗಿಸಲಾರದಷ್ಟು ನೋವಿದ್ದರೆ ಕೀಲಿನಲ್ಲಿ ಕೀವು ತುಂಬಿರುವ ಶಂಕೆಯಿಂದ ತುರ್ತಾಗಿ ದ್ರವವನ್ನು ಹೊರತೆಗೆದು ಪರೀಕ್ಷಿಸಲಾಗುತ್ತದೆ.

ಬೆನ್ನೆಲುಬು, ಕೀಲು ಎರಡರಲ್ಲೂ ಸವೆತ ಕಂಡು ನೋವಿನ ಮೂಲ ಯಾವುದೆಂದು ತಿಳಿಯದಿದ್ದಾಗ ಕೀಲಿನೊಳಗೆ ಸ್ಥಳೀಯ ಅರಿವಳಿಕೆಯನ್ನು ಚುಚ್ಚುವುದುಂಟು. ನೋವು ತಾತ್ಕಾಲಿಕವಾಗಿ ಶಮನವಾದರೆ ಅದರ ಮೂಲ ಕೀಲಿನಲ್ಲಿದೆ ಎಂದು ಪರಿಗಣಿಸಲಾಗುತ್ತದೆ.